ಅತ್ತೆಯನ್ನು ಬೀಳಿಸಿದ ಕುರ್ಚಿ

ಮಾವ,

ನಾನು ಮರಗೆಲಸದ ಶೆಡ್ಡಿಗೆ ಹೊರಟೆ, ಇವತ್ತು ಎರಡು ಬಾಗಿಲು ಮಾಡಿ ಮುಗಿಸಬೇಕು. ಕುರ್ಚಿ ವರಾಂಡದಲ್ಲಿದೆ. ದಯವಿಟ್ಟು ಇಕ್ಕಳ ಹಿಡಿದು ಅದರ ಹತ್ತಿರ ಹೋಗಬೇಡಿ.

ನಿನ್ನೆ ನೀವು ಅದರ ಕೂರುವ ಹಲಗೆಗೆ ಗುಂಡು ತಲೆಯ ಸ್ಕ್ರೂ ಹಾಕಿದ್ದೀರಿ. ಅದು ಚಿಲಕಕ್ಕೆ ಸರಿ, ಹಲಗೆಗಲ್ಲ. ಕೂರುವ ಕಡೆ ಮರದೊಳಗೆ ಮುಳುಗುವ ಚಪ್ಪಟೆ ತಲೆಯದೇ ಬೇಕು. ಅತ್ತೆಯ ಹೊಸ ಬಟ್ಟೆ ಸಿಕ್ಕಿಕೊಂಡು ಹರಿದದ್ದು ಅದಕ್ಕೇ. ಕುರ್ಚಿಯ ಕಾಲಿನದು ಆರು ಮೂಲೆಯ ಬೋಲ್ಟು, ಸ್ಪ್ಯಾನರ್ ಹಾಕಿಯೇ ಬಿಗಿಯಬೇಕು. ನಿಮ್ಮ ಇಕ್ಕಳ ಅದರ ಮೂಲೆಗಳನ್ನೆಲ್ಲ ಸವೆಸಿ ಗೋಲಿಯಂತೆ ಮಾಡಿದೆ. ಬಿಗಿಯಾಗದ ಕಾಲು ಕಳಚಿತು, ಅತ್ತೆ ಬಿದ್ದರು.

ಇದನ್ನೇ ನಾನು ಹೇಳಿದ್ದಕ್ಕೆ, "ಸ್ಕ್ರೂ ಅಂದ್ರೆ ಸ್ಕ್ರೂ, ಅದರ ತಲೆ ಕಟ್ಕೊಂಡು ಏನಾಗ್ಬೇಕು?" ಅಂದಿರಿ. ಅತ್ತೆ ಗೋಡೆಗೆ ಹೇಳುವಂತೆ, "ನಲವತ್ತು ವರ್ಷದಿಂದ ನನ್ನ ತಲೇನ ಕೇಳಿದವರು ಯಾರು?" ಅಂದರು. ನಾನು ನಗಲಿಲ್ಲ ಮಾವ, ಕೆಮ್ಮಿದ್ದು.

ಅವರು ನಿಮ್ಮ ಜೊತೆ ಮಾತು ಬಿಟ್ಟಿರುವುದು ಬಟ್ಟೆ ಹರಿದದ್ದಕ್ಕಲ್ಲ, ಬಿದ್ದದ್ದಕ್ಕೂ ಅಲ್ಲ. ದಡ್ ಅಂತ ಸದ್ದಾದಾಗ ಓಡಿಬಂದ ನೀವು ಮೊದಲು ಎತ್ತಿ ನೋಡಿದ್ದು ಕುರ್ಚಿಯನ್ನು.

ಫ್ಲಾಸ್ಕಿನಲ್ಲಿ ಇಬ್ಬರಿಗೂ ಆಗುವಷ್ಟು ಟೀ ಇದೆ. ತಗೊಂಡು ಒಳಗೆ ಹೋಗಿ, "ನೋವಾಯ್ತಾ?" ಅಂತ ಒಂದು ಮಾತು ಕೇಳಿ. ಸ್ಕ್ರೂ ನಾನು ನೋಡ್ಕೋತೀನಿ.

— ಸೊಸೆ