ಪೈಪಿನ ಬಾಯಿ ಬಂಡೆಯ ಆಚೆಗಿರಲಿ

ಹೊಳೆಬಾಯಿ ಹಾಸ್ಟೆಲ್,
ಆಷಾಢ ೩೪, ಕ್ರಿ.ಶ. ೨೩೧೯

ಉಪ್ಪುನೀರಿನ ಯೋಜನೆಗೆ ನಕ್ಷೆ ಬರೆಯುತ್ತಿರುವ ಇಂಜಿನಿಯರ್ ಅವರಿಗೆ,

ಹೀಗೆ ಬರೆಯುತ್ತಿರುವುದಕ್ಕೇ ಸಾರಿ. ನಿಮ್ಮ ಹೆಸರು ಗೊತ್ತಿಲ್ಲ, ನನ್ನ ಕನ್ನಡವೂ ಹಾಸ್ಟೆಲ್ ಕನ್ನಡ. ತಾರೀಖು ತಪ್ಪಲ್ಲ, ಇಲ್ಲಿ ಮಳೆ ಬಿಡುವವರೆಗೂ ಆಷಾಢ ಮುಗಿಯುವುದಿಲ್ಲ. ನಾನು ಮುಕ್ತಾ ತಾಂಡೇಲ, ತಿಳಿಶಾಲೆಯ ಫಸ್ಟ್ ಇಯರ್. ಸಮುದ್ರದ ನೀರಿನಿಂದ ಉಪ್ಪು ತೆಗೆಯುವ ಮೊದಲು ಕೆಸರು ತೆಗೆಯಬೇಕಲ್ಲ, ಅದನ್ನು ಕಲಿಸುವ ಜಾಗ ಇದು. ಮಳೆ, ಹೊಳೆ ಎರಡರ ನೀರೂ ಕುಡಿಯಲು ಬಾರದು. ಅದು ಮುನ್ನೂರು ವರ್ಷದ ಹಿಂದೆ, ನಿಮ್ಮ ಕಾಲದಲ್ಲೇ ಶುರುವಾಗಿತ್ತಂತೆ.

ಉಪ್ಪು ತೆಗೆಯುವುದು ಜರಡಿಯಂಥ ಒಂದು ಪೊರೆ. ಅದರ ಕಣ್ಣು ಬಹಳ ಸಣ್ಣದು, ಕೆಸರು ಒಳಗೆ ಹೋದರೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ ತೊಟ್ಟಿಗೆ ಪಟಿಕ ಹಾಕಿ ಮೊದಲು ಜೋರಾಗಿ ಕಲಕುತ್ತೇವೆ, ಆಮೇಲೆ ಮೆಲ್ಲಗೆ. ಕಾಣದ ಕಣಗಳು ಒಂದಕ್ಕೊಂದು ಅಂಟಿ ಹತ್ತಿಯಂತೆ ಊದುತ್ತವೆ. ಅದಕ್ಕೆ ಹೂವು ಅನ್ನುತ್ತೇವೆ. ಹೂವು ತಳಕ್ಕೆ ಕೂತ ಮೇಲೆ ಮೇಲಿನ ನೀರು ಮರಳಿನ ಹಾಸು ದಾಟಿ ಪೊರೆಗೆ ಹೋಗುತ್ತದೆ. ಹೂವು ಕೂರುವ ಹೊತ್ತು ನೆಲ ಅದುರಬಾರದೆಂದು ಊರಲ್ಲಿ ಯಾರೂ ಓಡುವುದಿಲ್ಲ, ಏನನ್ನೂ ಕುಟ್ಟುವುದಿಲ್ಲ. ಮದುವೆಮನೆಯಲ್ಲೂ ವಾದ್ಯದವರು ಡೋಲನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಾರೆ.

ಟೆನ್ಶನ್ ಆದರೆ ನನ್ನ ಕೈ ತಾನಾಗಿ ಓಡುತ್ತದೆ. ಇವತ್ತು ಪ್ರಾಕ್ಟಿಕಲ್‌ನಲ್ಲಿ ನಮಗೆ ಕಲಿಸುವ ಮೇಸ್ತ ಸರ್ ಹಿಂದೆ ಬಂದು ನಿಂತರು. "ದೋಸೆ ಹಿಟ್ಟಲ್ಲ ಮಾರಾಯ್ತಿ, ಹೂವು ಒಡೀತದೆ" ಅಂದರು. ರೂಮ್‌ಮೇಟ್ ಅಂಬುಜ ಕಿಸಕ್ಕೆಂದಳು. ಸರ್ ನಗಲಿಲ್ಲ. ಈಗಿರುವುದು ಕೊನೆಯ ಪೊರೆ, ಹೊಸದು ಮಾಡಬಲ್ಲವರು ಯಾರೂ ಉಳಿದಿಲ್ಲ. ಅದು ಕಟ್ಟಿಕೊಂಡರೆ ನಾವೆಲ್ಲ ಊರು ಬಿಡಬೇಕು.

ಇಷ್ಟು ಕೆಸರು ಎಲ್ಲಿಂದ ಬರುತ್ತದೆಂದು ಕೇಳಿದೆ. ಸರ್ ನಮ್ಮನ್ನು ದಡಕ್ಕೆ ಕರೆದೊಯ್ದು ತೋರಿಸಿದರು. ಹೊಳೆ ಕೆಸರು ಹೊತ್ತು ಸಮುದ್ರಕ್ಕೆ ಬೀಳುವಲ್ಲೇ ನಮಗೆ ನೀರೆಳೆಯುವ ಪೈಪಿನ ಬಾಯಿ. ಕಪ್ಪು ಬಂಡೆಯ ಆಚೆಗೆ ಆಷಾಢದಲ್ಲೂ ನೀರು ತಿಳಿ. ಹತ್ತಿರವೆಂದು ನೀವು ನಕ್ಷೆಯಲ್ಲಿ ಇಲ್ಲಿಗೇ ಒಂದು ಗೆರೆ ಎಳೆದಿರಿ. ಪೈಪನ್ನು ಬಂಡೆಯಾಚೆಗೆ ಒಯ್ಯಲು ನಮ್ಮಲ್ಲಿ ದೋಣಿಯೂ ಇಲ್ಲ, ಬೇರೆ ಪೈಪೂ ಇಲ್ಲ. ನಾವು ತಲೆತಲಾಂತರದಿಂದ ಕಲಿತದ್ದೆಲ್ಲ ಆ ಒಂದು ಗೆರೆಯನ್ನು ತಿದ್ದುವುದಕ್ಕೇ.

ನಿಮ್ಮ ಕೈಯಲ್ಲಿ ಅದಿನ್ನೂ ಪೆನ್ಸಿಲ್ ಗೆರೆಯಾಗಿರಬಹುದು. ಬಂಡೆಯ ಆಚೆಗೆ ಎಳೆಯಿರಿ.

ನಾಳೆ ಬೆಳಿಗ್ಗೆ ತೊಟ್ಟಿ ಕಲಕುವ ಸರದಿ ನನ್ನದು. ಪೈಪಿನಿಂದ ಈಗಷ್ಟೇ ಹಿಡಿದ ಒಂದು ಗ್ಲಾಸ್ ನೀರು ಮೇಜಿನ ಮೇಲಿದೆ. ನೀವು ಒಪ್ಪಿ ಅಲ್ಲಿ ಗೆರೆ ಬದಲಿಸಿದರೆ ಇಲ್ಲಿ ಅದು ತಿಳಿಯಾಗಿರುತ್ತದೆ, ನನಗೆ ಅಷ್ಟೇ ಉತ್ತರ ಸಾಕು. ಮತ್ತೆ ಮತ್ತೆ ನೋಡುತ್ತಿದ್ದೇನೆ, ಇನ್ನೂ ಕೆಸರಿನಿಂದ ಕೆಂಪಗೇ ಇದೆ. ಪ್ಲೀಸ್, ಬೇಗ ಉತ್ತರಿಸಿ.