ಅವ್ವನಿಗೆ ಎಡೆಯಿಟ್ಟ ಜಿನ್

ಅವ್ವಾ,

ಬೈಯಬೇಡ. ನಿನ್ನ ಹುಟ್ಟಿದ ದಿನದ ನೆಪದಲ್ಲಿ ಬಸು ಇವತ್ತು ನನ್ನನ್ನು ಜಿನ್ ಕುಡಿಸಲು ಕರೆದುಕೊಂಡು ಹೋಗಿದ್ದ. ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಇದೆಂಥ ಮಾತು ಎಂದು ನೀನು ಸೆರಗು ಕೊಡವಿ ಏಳುವುದು ನನಗೆ ಕಾಣುತ್ತಿದೆ. ಏಳಬೇಡ, ಕೂತು ಕೇಳು. ನಾನೀಗ ಮಾರತ್ತಹಳ್ಳಿಯ ಒಂದು ಆಸ್ಪತ್ರೆಯಲ್ಲಿ ಕಬ್ಬಿಣದ ಕುರ್ಚಿಯ ಮೇಲೆ ಕೂತಿದ್ದೇನೆ. ನಿನ್ನ ಮಗ ಬಸು ಗಾಜಿನ ಬಾಗಿಲಿನ ಆ ಕಡೆ ಮಲಗಿದ್ದಾನೆ.

ಹೋದ ವಾರ ಅವನು ಫೋನ್ ಮಾಡಿದಾಗ ಎಷ್ಟು ಸಂಭ್ರಮವಿತ್ತು ಗೊತ್ತಾ? ವೈಟ್‌ಫೀಲ್ಡ್‌ನಲ್ಲಿ ಹಳೇ ಕಾರ್ಖಾನೆಯ ಶೆಡ್ಡನ್ನು ಬಾರ್ ಮಾಡಿದ್ದಾರಂತೆ, ಅಲ್ಲಿ ಜಿನ್ ಬಿಟ್ಟರೆ ಬೇರೇನೂ ಇಲ್ಲವಂತೆ. ಮುಂಚೆಯೇ ಒಂದು ಪುಟ್ಟ ಬಾಟಲಿ ಜಿನ್ ಕೊಟ್ಟು ಕಳಿಸುತ್ತಾರೆ. ಮನೆಯ ನೆನಪು ತರುವ ಸೊಪ್ಪೋ ಹೂವೋ ಮಸಾಲೆಯೋ ಅದರಲ್ಲಿ ನೆನೆಹಾಕಿ ಭಾನುವಾರ ತಂದರೆ, ಅದರಿಂದಲೇ ಕಾಕ್‌ಟೇಲ್ ಮಾಡಿ ಕೊಡುತ್ತಾರೆ. "ನಾನು ಅವ್ವನ ನೆನಪು ತರ್ತೀನಿ ಕಣೇ ಅಕ್ಕಾ. ಏನು ಅಂತ ಹೇಳಲ್ಲ, ಸಸ್ಪೆನ್ಸ್," ಎಂದ. ಎಲ್ಲಿ ವಿಭೂತಿ ಕದಡಿಬಿಡುತ್ತಾನೋ ಎಂದು ನಾನು ನಕ್ಕೆ.

ದಾವಣಗೆರೆಯಿಂದ ಕುಂದಲಹಳ್ಳಿಯ ಅಪಾರ್ಟ್‌ಮೆಂಟಿಗೆ ನಮ್ಮ ಸಾಮಾನು ಬಂದ ದಿನ ನೆನಪಿದೆಯಾ? ಲಾರಿಯಿಂದ ನೀನು ಮಂಚಕ್ಕಿಂತ ಮೊದಲು ಇಳಿಸಿದ್ದು ಕಣಗಿಲೆಯ ಕುಂಡ. ಶಿವಪೂಜೆಗೆ ಆ ಕೆಂಪು ಹೂವೇ ಆಗಬೇಕು ನಿನಗೆ. ಚಿಕ್ಕವಳಿದ್ದಾಗ ಒಮ್ಮೆ ನಾನದನ್ನು ಮುಡಿದುಕೊಂಡಿದ್ದಕ್ಕೆ ಕೈಮೇಲೆ ಪಟ್ಟೆಂದು ಕೊಟ್ಟಿದ್ದೆ. "ಅದು ಶಿವಂದು, ನಮಗಲ್ಲ. ಹೋಗಿ ಕೈ ತೊಳಕೋ." ಆಮೇಲೆ ಅಡುಗೆಮನೆಗೆ ಕರೆದು, ನಿನ್ನ ತವರಿನಲ್ಲಿ ಬೇಲಿಯ ಕಣಗಿಲೆ ಮೇಯ್ದ ಮೇಕೆ ಸಂಜೆಯೊಳಗೆ ಸತ್ತದ್ದನ್ನು ಮೆಲ್ಲಗೆ ಹೇಳಿದೆ. ನನಗೆ ಹೇಳಿದೆ. ಬಸೂಗೆ? ಗಂಡುಹುಡುಗ ಹೂ ಮುಡಿಯುವುದಿಲ್ಲ, ಅವನಿಗೆ ಶಿವನ ಮಾತೊಂದೇ ಸಾಕು ಅಂದುಕೊಂಡೆಯಾ?

ಇವತ್ತು ಮಧ್ಯಾಹ್ನ ಸಿಗ್ನಲ್‌ನಲ್ಲಿ ಆಟೋ ನಿಂತಾಗ ಅವನು ತಲೆ ಹೊರಗೆ ಹಾಕಿ ವಾಂತಿ ಮಾಡಿಕೊಂಡ. ಹಣೆಯ ತುಂಬ ಬೆವರು. ವಾಪಸ್ ಹೋಗೋಣ ಎಂದೆ. "ಗ್ಯಾಸ್ಟ್ರಿಕ್ ಕಣೇ, ನಿನ್ನೆ ಗೋಬಿ ಮಂಚೂರಿ ತಿಂದಿದ್ದೆ. ಅವ್ವನ ಬರ್ತ್‌ಡೇ ಹಾಳು ಮಾಡ್ಬೇಡ," ಎಂದ. ಹಟದಲ್ಲಿ ಅವನು ಥೇಟ್ ನೀನೇ. ನಾನು ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಕೊಟ್ಟೆ.

ಬಾರಿನಲ್ಲಿ ಜಾತ್ರೆಯಷ್ಟು ಜನ. ಪಕ್ಕದ ಮೇಜಿನವರು ಕರಿಬೇವು ತಂದಿದ್ದರು, ಇನ್ನೊಬ್ಬಾಕೆ ಅಜ್ಜಿಯ ಸಾರಿನ ಪುಡಿ. ಏಪ್ರನ್ ಕಟ್ಟಿದ ಹುಡುಗಿ ನಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು, "ಕಲರ್ ಸಕ್ಕತ್ತಾಗಿದೆ ಸಾರ್!" ಎಂದಳು. ಜಿನ್ ತೆಳ್ಳಗೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಐಸು, ಟಾನಿಕ್, ನಿಂಬೆಸಿಪ್ಪೆ ಹಾಕಿ ಮೂರು ಗ್ಲಾಸು ತಂದಿಟ್ಟಳು. ಬಸು ನನಗೆ ಬೆನ್ನು ಮಾಡಿ ಡಬ್ಬಿಯಿಂದ ಏನನ್ನೋ ತೆಗೆದು ಗ್ಲಾಸುಗಳ ಮೇಲಿಟ್ಟ. ನಾನು ಕೈ ಚಾಚಿದರೆ ತಡೆದ. "ತಡಿಯೇ. ಮೊದ್ಲು ಅವ್ವಂಗೆ."

ಫೋನಿನಲ್ಲಿ ನಿನ್ನ ಫೋಟೋ ತೆರೆದು ನಿಲ್ಲಿಸಿ, ಒಂದು ಗ್ಲಾಸನ್ನು ಅದರ ಮುಂದೆ ಎಡೆ ಇಟ್ಟ. ಹಿರಿಯರು ಉಂಡು ಮುಗಿಸುವಷ್ಟು ಹೊತ್ತು ಯಾರೂ ಬಾಯಿಗೆ ಏನೂ ಇಡಬಾರದೆಂದು ನೀನೇ ಅಲ್ಲವೇ ನಮಗೆ ಕಲಿಸಿದ್ದು? ಅಷ್ಟು ಗದ್ದಲದ ನಡುವೆ ನಿನ್ನ ಮಗ ಕಣ್ಣು ಮುಚ್ಚಿ ಕೈ ಮುಗಿದ. ನನಗೆ ಅಳು ಬಂತು. ಕಣ್ಣೊರೆಸಿಕೊಂಡು ನಿನ್ನ ಗ್ಲಾಸಿನ ಕಡೆ ನೋಡಿದೆ. ಐಸಿನ ಮೇಲೆ ಕೆಂಪು ಕಣಗಿಲೆ ತೇಲುತ್ತಿತ್ತು.

ಅವನು ಕಣ್ಣು ಬಿಟ್ಟು ತನ್ನ ಗ್ಲಾಸು ಎತ್ತಿದ್ದಷ್ಟೇ, ನಾನದನ್ನು ಹೊಡೆದು ಬೀಳಿಸಿದೆ. ಎಲ್ಲರೂ ತಿರುಗಿ ನೋಡಿದರು.

"ವಿಷ ಕಣೋ ಅದು!"

"ಹುಚ್ಚೇನೇ ನಿಂಗೆ? ಶಿವನ ಹೂವಲ್ವಾ? ಅವ್ವ ದಿನಾ ದೇವ್ರಿಗೆ ಏರಿಸ್ತಿದ್ದಿದ್ದು ಹೆಂಗೆ ವಿಷ ಆಗುತ್ತೆ?" ಎಂದ. ಆಮೇಲೆ ಅವನ ಮುಖ ಸಣ್ಣದಾಯಿತು. "ಬೆಳಗ್ಗೆ ಮನೇಲಿ ರುಚಿ ನೋಡಿದ್ದೆ ಅಕ್ಕಾ. ಆಗಿಂದಾನೇ ಒಂಥರಾ..."

ಮೇಜು ಹಿಡಿದುಕೊಂಡು ಹಾಗೆಯೇ ಕುಸಿದ.

ಎದೆಬಡಿತ ತುಂಬ ನಿಧಾನವಾಗಿದೆ, ಬೆಳಗಿನ ತನಕ ಏನೂ ಹೇಳಲಾಗುವುದಿಲ್ಲ ಎನ್ನುತ್ತಾರೆ ಡಾಕ್ಟರು. ಗಾಜಿನಾಚೆ ಯಂತ್ರ ಒಮ್ಮೆ ಸದ್ದು ಮಾಡಿದರೆ ಮುಂದಿನ ಸದ್ದಿಗೆ ನಾನು ಉಸಿರು ಹಿಡಿದು ಕಾಯುತ್ತೇನೆ. ಸಿಟ್ಟು ಬರುತ್ತಿದೆ ಅವ್ವಾ, ನಿನ್ನ ಮೇಲೆ. ಶಿವಂದು, ಶಿವಂದು ಎನ್ನುವ ಬದಲು ಅವನಿಗೂ ಒಂದು ಸಲ ವಿಷ ಎಂದು ಹೇಳಬಾರದಿತ್ತಾ? ಅವನು ಎದ್ದು ಬರಲಿ, ನಿನ್ನ ಶಿವನಿಗೆ ದಿನಾ ಪತ್ರೆ ಏರಿಸುತ್ತೇನೆ. ಕಣಗಿಲೆ ಮಾತ್ರ ಏರಿಸುವುದಿಲ್ಲ, ನೀನು ಏನು ಬೇಕಾದರೂ ಅಂದುಕೋ.

ನೀನು ಹೋಗುವ ದಿನ ಬಸು ದಾರಿಯಲ್ಲಿದ್ದ. ಬಾಗಿಲು ಸದ್ದಾದಾಗಲೆಲ್ಲ ನೀನು ಕೇಳುತ್ತಿದ್ದೆ, "ಬಸು ಬಂದ್ನಾ? ಬಂದ್ನಾ?" ಅವನು ಬರುವಷ್ಟರಲ್ಲಿ ನೀನಿರಲಿಲ್ಲ. ಅದು ನಿನಗಿನ್ನೂ ನೆನಪಿದೆಯೇನೋ ಎಂದು ನನಗೆ ಹೆದರಿಕೆ.

ಈಗ ತಾನೇ ನರ್ಸ್ ಹೊರಗೆ ಬಂದಿದ್ದಳು. "ನಿಮ್ಮ ತಮ್ಮ ನಿದ್ದೇಲಿ ‘ಬಂದೆ ಅವ್ವಾ, ಬಂದೆ’ ಅಂತಿದ್ದಾರೆ. ಅಮ್ಮ ಬಂದಿದ್ದಾರಾ ಮೇಡಂ?" ಎಂದು ಕೇಳಿದಳು.

ಇಲ್ಲ ಎಂದೆ.

ಎಡೆ ಇಟ್ಟಾಗಿದೆ ಅವ್ವಾ. ಆ ಗ್ಲಾಸು ನಿನ್ನದು, ನೀನು ತಗೋ. ಅವನನ್ನು ಕರೆಯಬೇಡ.