ಒರಳಿಗೊಂದು ಹಸಿರು ಗುಂಡು

ಅಕ್ಟೋಬರ್ ೧೨, ಭಾನುವಾರ. ಬಸವನಗುಡಿ.

ಅಕ್ಕನ ಮೇಲೆ ಸಿಟ್ಟಾಗಬೇಕೋ ನಗಬೇಕೋ ತಿಳಿಯದೆ ಕೂತಿದ್ದೇನೆ.

ನನ್ನ ಏಳನೇ ವಯಸ್ಸಿಗೆ ಅಪ್ಪ ಬಳಪದ ಕಲ್ಲಿನಲ್ಲಿ ಕೆತ್ತಿಕೊಟ್ಟ ಆಟದ ಒರಳು, ಗುಂಡಿಲ್ಲದೆ ಐವತ್ತೈದು ವರ್ಷ ಕಪಾಟಿನಲ್ಲಿತ್ತು. ಗುಂಡು ಕಳೆದದ್ದು ವೇದಕ್ಕನೇ ಎಂದು ನಾನು, ಮುಟ್ಟಿಯೇ ಇಲ್ಲ ಎಂದು ಅವಳು. ಪ್ರತಿ ಹಬ್ಬಕ್ಕೂ ಇದೇ ಜಗಳ.

ಮೊಮ್ಮಗಳು ಅನಘಾ ಒರಳಿನ ಗುಳಿಯನ್ನು ಸ್ಕೇಲಿಟ್ಟು ಅಳೆದುಕೊಂಡು ಹೋಗಿ, ಶಾಲೆಯ ತ್ರೀಡಿ ಪ್ರಿಂಟರಿನಲ್ಲಿ ಹಸಿರು ಪ್ಲಾಸ್ಟಿಕ್ಕಿನ ಗುಂಡು ಮಾಡಿ ತಂದಿದ್ದಾಳೆ. ಒರಳಲ್ಲಿ ರುಬ್ಬುವುದನ್ನು ಕಂಡೇ ಇಲ್ಲದ ಮಗು, ಗುಂಡಿನ ನೆತ್ತಿಗೆ ಮಿಕ್ಸಿ ಮುಚ್ಚಳದ ಹಾಗೆ ಹಿಡಿ ಕೂರಿಸಿದೆ! ಆದರೂ ತಿರುಗಿತು. ಒಂದು ಚಮಚ ನೆನೆದ ಅಕ್ಕಿ ರುಬ್ಬಿ, ಎಂಟಾಣೆ ಅಗಲದ ದೋಸೆ ಹೊಯ್ದೆವು.

"ಅಜ್ಜಿ, ಇನ್ನೊಂದ್ ಹಾಕು."

ಅಪ್ಪ ಕೆತ್ತಿದ ಕಲ್ಲು, ಇವಳು ಮಾಡಿದ ಗುಂಡು. ಎರಡೂ ನನ್ನ ಕೈಗೇ ಬಂದವು. ಪುಣ್ಯ ಮಾಡಿದ್ದೆ.

ಖುಷಿ ತಡೆಯಲಾರದೆ ಮಲ್ಲೇಶ್ವರದ ಅಕ್ಕನಿಗೆ ಫೋನು ಮಾಡಿ, ತಮಾಷೆಗೆ ಅಂದೆ: "ವೇದಕ್ಕ, ಗುಂಡು ಸಿಕ್ತು ಕಣೇ!"

ಅಕ್ಕ ಮೆಲ್ಲಗೆ ಕೇಳಿದಳು, "ಹಾಗಾದ್ರೆ ನಾನು ಬಾವಿಗೆ ಎಸೆದಿದ್ದು ಏನೇ?"